ಅಜ್ಜನ 30-30 ಮತ್ತು ಮರಳಿ ಬಂದ ಮಾರ್ಲಿನ್

ನಮ್ಮ ಮನೆ ಜಗುಲಿಯ ಗೋಡೆಯಲ್ಲಿ ಎರಡು ಮರದ ಗೂಟಗಳಿವೆ. ಈಗ ಅಲ್ಲಿ ಕೊಡೆ ತೂಗುತ್ತದೆ. ಅಜ್ಜನ ಕಾಲದಲ್ಲಿ ಅಲ್ಲಿ ಇದ್ದದ್ದು ಅವರ ಕೋವಿ, ಅಮೆರಿಕದ ವಿಂಚೆಸ್ಟರ್ 1894 ರೈಫಲ್. ನಳಿಗೆಯ ಮೇಲೆ ‘30 ಡಬ್ಲ್ಯು.ಸಿ.ಎಫ್.’ ಎಂದು ಕೊರೆದಿತ್ತು. ತೋಟಾ ಅಂದರೆ ಮದ್ದು, ಗುಂಡು ಸೇರಿದ ಹಿತ್ತಾಳೆಯ ಕೊಳವೆ; ಇವತ್ತು ಎಲ್ಲರೂ 30-30 ಅನ್ನುವ ತೋಟಾದ ಹಳೆಯ ಹೆಸರು ಅದು.

ಶಿರಸಿಯಿಂದ ಹುಲೇಕಲ್ ಕಡೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗೆ ನಮ್ಮ ತೋಟ. ಮೂರು ಕಡೆ ಸೊಪ್ಪಿನ ಬೆಟ್ಟ, ನಡುವೆ ಅಡಿಕೆ, ಕೆಳಗೆ ಹಳ್ಳ. ಮಂಗ, ಹಂದಿ ಎರಡೂ ಇವೆ. ಹಾಗಾಗಿ ಈ ಕಡೆ ಕೋವಿ ಅಂದರೆ ಕತ್ತಿ, ದೋಟಿಯ ಹಾಗೆ ಮನೆಯ ಒಂದು ಸಾಮಾನು. ಬೆಳೆ ರಕ್ಷಣೆಯ ಪರವಾನಗಿ ಇಲ್ಲದ ತೋಟಿಗರ ಕೇರಿಯೇ ಕಡಿಮೆ. ಹೆಚ್ಚಿನವರ ಮನೆಯಲ್ಲಿ ಇರುವುದು 12 ಬೋರಿನ ಒಂಟಿ ನಳಿಗೆ, ಇಲ್ಲವೇ ಜೋಡು ನಳಿಗೆ. ನಮ್ಮ ಮನೆಯಲ್ಲೂ ಜೋಡು ನಳಿಗೆ ಇತ್ತು, ಈಗಲೂ ಇದೆ. ಆದರೆ ಊರಿನ ಮಕ್ಕಳೆಲ್ಲ ಬಂದು ನೋಡುತ್ತಿದ್ದದ್ದು ವಿಂಚೆಸ್ಟರನ್ನು. ಹಿಡಿಯ ಕೆಳಗೆ ಕಬ್ಬಿಣದ ಬಳೆ. ಅದನ್ನು ಕೆಳಗೆ ತಳ್ಳಿ ಮೇಲಕ್ಕೆ ಎಳೆದರೆ ಖಾಲಿ ತೋಟಾ ಮೇಲಿನಿಂದ ಹಾರಿ ಬೀಳುತ್ತದೆ, ಕುದುರೆ (ತೋಟಾಕ್ಕೆ ಏಟು ಕೊಡುವ ಸುತ್ತಿಗೆ) ಏರುತ್ತದೆ, ಹೊಸ ತೋಟಾ ನಳಿಗೆಯೊಳಗೆ ಹೋಗುತ್ತದೆ. ಭುಜದಿಂದ ಕೋವಿ ಇಳಿಸುವುದೇ ಬೇಡ.

ಅಜ್ಜ ಅದನ್ನು ಕೊಂಡದ್ದು 1940ರ ದಶಕದಲ್ಲಿ. ಆಗ ನಮ್ಮ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಅಜ್ಜನಿಗೆ ನಾಟಾ ವ್ಯಾಪಾರ. ಕಾರವಾರಕ್ಕೆ ಆಗಾಗ ಹೋಗಬೇಕಿತ್ತು. ಅಲ್ಲಿ ಊರಿಗೆ ವಾಪಸು ಹೊರಟ ಬಿಳಿ ಸಾಹೇಬನೊಬ್ಬನಿಂದ ಒಬ್ಬ ವ್ಯಾಪಾರಿಗೆ, ವ್ಯಾಪಾರಿಯಿಂದ ಅಜ್ಜನಿಗೆ. ಜೊತೆಗೆ ಎರಡು ಪೆಟ್ಟಿಗೆ ತೋಟಾ. ತೋಟಾ ಮುಗಿದರೆ ಮುಂಬಯಿಯಿಂದ ತರಿಸಬಹುದಿತ್ತು.

ಹಿಡಿಯ ಮರ ಒಮ್ಮೆ ಸೀಳಿತ್ತು. ಗುಡಿಗಾರರೊಬ್ಬರು ಬೀಟೆ ಮರದ ತುಂಡು ಸೇರಿಸಿ ಸರಿಮಾಡಿದ್ದರು. ಸೇರಿಸಿದ ಗೆರೆ ಬೆರಳಿಗೆ ಸಿಗುತ್ತಿರಲಿಲ್ಲ. ನನ್ನ ಕೈಗೆ ಆ ಜಾಗ ಇನ್ನೂ ನೆನಪಿದೆ.

ಇದನ್ನೆಲ್ಲ ಈಗ ಬರೆಯಲು ಕಾರಣ ಇದೆ. ಮಗಳು ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ಇದ್ದಾಳೆ, ಗ್ರೀನ್ಸ್‌ಬರೋ ಊರಲ್ಲಿ. 2023ರ ನವೆಂಬರಿನಲ್ಲಿ ನಾವಿಬ್ಬರೂ ಅವಳ ಮನೆಗೆ ಹೋಗಿದ್ದೆವು. ಪಕ್ಕದ ಮನೆಯವರು ಎಪ್ಪತ್ತು ದಾಟಿದ ಹಿರಿಯರು, ಪೀಠೋಪಕರಣದ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತಿಯಾದವರು. ಬೇಲಿಯ ಹತ್ತಿರ ಮರದ ವಿಷಯ ಮಾತಾಡುತ್ತಾ ಅಜ್ಜನ ವಿಂಚೆಸ್ಟರಿನ ಮಾತು ಬಂತು. ಅವರು ಒಳಗೆ ಹೋಗಿ ಒಂದು ಚೀಲ ತಂದರು. ಅದರಲ್ಲಿ ಇದ್ದದ್ದು ಆ ವರ್ಷವೇ ಹೊಸದಾಗಿ ಮಾರುಕಟ್ಟೆಗೆ ಬಂದ ಮಾರ್ಲಿನ್ 336 ಕ್ಲಾಸಿಕ್. ತೋಟಾ ಅದೇ 30-30!

ಮಾರ್ಲಿನ್ ಕಥೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಜಾನ್ ಮಾರ್ಲಿನ್ 1870ರಲ್ಲಿ ನ್ಯೂ ಹೇವನ್ ಊರಲ್ಲಿ ಶುರುಮಾಡಿದ ಕಂಪನಿ ಅದು. ವಿಂಚೆಸ್ಟರ್ ಕೂಡ ಅದೇ ಊರಿನದು. 336 ಮಾದರಿ ಬಂದದ್ದು 1948ರಲ್ಲಿ. ಅರವತ್ತು ವರ್ಷ ಚೆನ್ನಾಗಿ ನಡೆಯಿತು. 2007ರಲ್ಲಿ ಕಂಪನಿ ರೆಮಿಂಗ್ಟನ್ ಕೈಗೆ ಹೋಯಿತು. 2011ರಲ್ಲಿ ಹಳೆಯ ಕಾರ್ಖಾನೆ ಮುಚ್ಚಿ, ಕೆಲಸವನ್ನು ನ್ಯೂಯಾರ್ಕ್ ರಾಜ್ಯಕ್ಕೆ ಸಾಗಿಸಿದರು. ಯಂತ್ರ ಹೋಯಿತು, ಯಂತ್ರದ ಮುಂದೆ ಇಪ್ಪತ್ತು ಮೂವತ್ತು ವರ್ಷ ನಿಂತವರು ಹೋಗಲಿಲ್ಲ. ಆ ಮೇಲೆ ಬಂದ ರೈಫಲ್‌ಗಳಲ್ಲಿ ಗುರಿ ಹಿಡಿಯುವ ನೋಟದ ಮೊಳೆ ಓರೆ, ಮರಕ್ಕೂ ಕಬ್ಬಿಣಕ್ಕೂ ನಡುವೆ ಸಂದು ಎಂಬ ದೂರು ಸುಮಾರು ಕೇಳಿಬಂತು.

ನನಗೆ ಇದು ಬೇಗ ಅರ್ಥವಾಗುತ್ತದೆ. ನಮ್ಮಲ್ಲಿ ಅಡಿಕೆ ಬೇಯಿಸುವಾಗ ಬಣ್ಣ ಕೊಡುವ ಚೊಗರು ಎಷ್ಟು ಹಾಕಬೇಕು, ಯಾವಾಗ ತೆಗೆಯಬೇಕು ಎಂಬುದು ಎಲ್ಲೂ ಬರೆದಿಲ್ಲ. ಮೂವತ್ತು ವರ್ಷ ನಮ್ಮ ಒಲೆಯ ಮುಂದೆ ಕೂತವರು ಬಿಟ್ಟುಹೋದ ವರ್ಷ ನಮ್ಮ ರಾಶಿ ಅಡಿಕೆಗೆ ಬಣ್ಣವೇ ಬರಲಿಲ್ಲ. ಹಂಡೆ ಅದೇ, ಅಡಿಕೆ ಅದೇ.

2020ರಲ್ಲಿ ರೆಮಿಂಗ್ಟನ್ ದಿವಾಳಿಯಾಯಿತು. ರುಗರ್ ಕಂಪನಿ ಸುಮಾರು 3 ಕೋಟಿ ಡಾಲರ್ ಕೊಟ್ಟು ಮಾರ್ಲಿನ್ ಹೆಸರು, ನಕ್ಷೆ, ಯಂತ್ರ ಎಲ್ಲ ಕೊಂಡಿತು. ಅವಸರ ಮಾಡಲಿಲ್ಲ, ಅದು ನನಗೆ ಹಿಡಿಸಿತು. 2021ರ ಕೊನೆಗೆ ಮೊದಲು 1895 ಮಾದರಿ ಹೊರಗೆ ಬಂತು, 45-70 ತೋಟಾದ್ದು. 2023ರಲ್ಲಿ 336. ಮಾಡುವುದು ಇದೇ ನಾರ್ತ್ ಕ್ಯಾರೊಲಿನಾದ ಮೇಯೊಡನ್ ಎಂಬ ಸಣ್ಣ ಊರಲ್ಲಿ. ಮಗಳ ಮನೆಯಿಂದ ಹತ್ತಿರವೇ. ಒಂದು ಭಾನುವಾರ ಅಳಿಯ ಕಾರಿನಲ್ಲಿ ಆ ದಾರಿಯಾಗಿ ಕರೆದುಕೊಂಡು ಹೋದ. ರಸ್ತೆಯಿಂದ ನೋಡಿ ಬಂದೆ, ಅಷ್ಟೇ.

ಪಕ್ಕದ ಮನೆಯವರು “ಬನ್ನಿ, ರೇಂಜಿನಲ್ಲಿ ಹೊಡೆದು ನೋಡಿ” ಎಂದರು. ಅಳಿಯ ತಕ್ಷಣ ತಡೆದ. “ಮಾವ, ಸ್ವಲ್ಪ ತಡೀರಿ. ಟೂರಿಸ್ಟ್ ವೀಸಾದಲ್ಲಿ ಬಂದವರು ಇಲ್ಲಿ ಸುಮ್ನೆ ಬಂದೂಕು ಮುಟ್ಟುವ ಹಾಗಿಲ್ಲ.” ವಿಚಾರಿಸಿದರೆ ಹೌದು. ಆ ದೇಶದಲ್ಲಿ ಬಂದೂಕು ಅಂಗಡಿಯಲ್ಲಿ ತರಕಾರಿಯ ಹಾಗೆ ಸಿಗುತ್ತದೆ ಎಂದು ನಾವು ಅಂದುಕೊಂಡಿರುತ್ತೇವೆ. ನಮ್ಮಂಥವರು ಕೈಯಲ್ಲಿ ಹಿಡಿಯಬೇಕಾದರೆ ಅಲ್ಲಿನ ಬೇಟೆಯ ಲೈಸನ್ಸ್ ಇರಬೇಕು. ಬೇಟೆಗೆ ಹೋಗುವ ಮನಸ್ಸು ನನಗಿಲ್ಲ. ಆದರೂ ಕಾನೂನು ಕಾನೂನೇ. ಅಳಿಯ ಎಲ್ಲ ಓದಿ, ಬೇಕಾದ್ದನ್ನೆಲ್ಲ ಸರಿಯಾಗಿ ಮಾಡಿಸಿದ ಮೇಲೆಯೇ ನಾವು ರೇಂಜಿಗೆ ಹೋದದ್ದು.

ಕೈಗೆ ತೆಗೆದುಕೊಂಡಾಗ ಮೊದಲು ನೋಡಿದ್ದು ಮರ. ಅಲ್ಲಿನ ಕಪ್ಪು ವಾಲ್‌ನಟ್. ಕಬ್ಬಿಣಕ್ಕೆ ಸೇರುವ ಕಡೆ ಉಗುರು ಹಾಕಿ ಎಳೆದು ನೋಡಿದೆ, ಎಲ್ಲೂ ಸಿಕ್ಕಲಿಲ್ಲ. ತೂಕ ಸುಮಾರು 3.4 ಕಿಲೊ. ನಳಿಗೆ 20 ಇಂಚಿಗೆ ಸ್ವಲ್ಪ ಜಾಸ್ತಿ. ನಳಿಗೆಯ ಕೆಳಗಿನ ಕೊಳವೆಯಲ್ಲಿ ಆರು ತೋಟಾ ಹಿಡಿಯುತ್ತದೆ. ಬಳೆ ಎಳೆದಾಗ ಎಣ್ಣೆ ಹಾಕಿದ ಬಾವಿ ರಾಟೆಯಂಥ ನಯ. ಬೆಲೆ ಸಾವಿರದ ಇನ್ನೂರು ಡಾಲರಿಗೂ ಜಾಸ್ತಿ. ಅದು ಕಡಿಮೆಯಲ್ಲ. ಆದರೆ ಕೆಲಸ ನೋಡಿದರೆ ಒಪ್ಪಬಹುದು.

ಅಜ್ಜನ ಕೋವಿಗೂ ಇದಕ್ಕೂ ಎರಡು ದೊಡ್ಡ ವ್ಯತ್ಯಾಸ. ವಿಂಚೆಸ್ಟರ್ ಖಾಲಿ ತೋಟಾವನ್ನು ಮೇಲಕ್ಕೆ ಎಸೆಯುತ್ತದೆ, ಮಾರ್ಲಿನ್ ಬಲಕ್ಕೆ ಎಸೆಯುತ್ತದೆ. ಮೇಲ್ಭಾಗ ಪೂರ್ತಿ ಮುಚ್ಚಿದೆ. ಅಲ್ಲಿಯವರು ಇದರ ಲಾಭ ಹೇಳುವುದು ದುರ್ಬೀನು ಕೂರಿಸಲು ಸುಲಭ ಎಂದು. ನಾನು ಮಳೆಯ ಊರಿನವನು. ನನ್ನ ಕಣ್ಣಿಗೆ ಕಂಡದ್ದು ಮೇಲಿನಿಂದ ನೀರು, ಕಸ, ಎಲೆ ಒಳಗೆ ಬೀಳುವ ದಾರಿ ಮುಚ್ಚಿದೆ ಎಂಬುದು.

ಎರಡನೆಯದು ಇನ್ನೂ ಮುಖ್ಯ. ಮಾರ್ಲಿನ್ನಿನ ಬಳೆಯ ಒಂದು ತಿರುಪು ಬಿಚ್ಚಿದರೆ ಬಳೆ, ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟ್ ಎರಡೂ ಹೊರಗೆ ಬರುತ್ತವೆ. ನಳಿಗೆಯನ್ನು ಹಿಂದಿನಿಂದ ಒರೆಸಬಹುದು. ವಿಂಚೆಸ್ಟರ್ 94ನ್ನು ಹಾಗೆ ಸುಲಭವಾಗಿ ಬಿಚ್ಚಲು ಆಗುವುದಿಲ್ಲ. ಬಾಯಿಯ ಕಡೆಯಿಂದಲೇ ಸಲಾಕೆ ಹಾಕಬೇಕು. ಅಜ್ಜ, ಆಮೇಲೆ ಅಪ್ಪಯ್ಯ ಐವತ್ತು ಮಳೆಗಾಲ ಹಾಗೇ ಸಲಾಕೆ ಹಾಕಿ ನಳಿಗೆಯ ಬಾಯಿಯೇ ಸವೆದಿತ್ತು. ಗುಂಡು ಕೊನೆಯದಾಗಿ ಮುಟ್ಟುವುದು ಆ ಬಾಯಿಯನ್ನು. ಅಲ್ಲಿ ಸವೆದರೆ ಗುರಿ ಹೋಯಿತು. ಆಗಿನ ಕೆಲವು ತೋಟಾಗಳ ಕೇಪಿನಲ್ಲಿ, ಅಂದರೆ ಏಟು ಬಿದ್ದಾಗ ಕಿಡಿ ಹೊತ್ತುವ ಬುಡದ ಬಿಲ್ಲೆಯಲ್ಲಿ, ಉಪ್ಪಿನಂಥ ಅಂಶ ಇರುತ್ತಿತ್ತು. ಹೊಡೆದ ಮೇಲೆ ಅದು ಗಾಳಿಯ ತೇವ ಎಳೆದು ತುಕ್ಕು ಹಿಡಿಸುತ್ತಿತ್ತು. ಬರೀ ಎಣ್ಣೆ ಹಚ್ಚಿದರೆ ಹೋಗುತ್ತಿರಲಿಲ್ಲ. ಅಜ್ಜ ಬಚ್ಚಲ ಹಂಡೆಯಿಂದ ಕುದಿಯುವ ನೀರು ತಂದು ಆಲಿಕೆ ಇಟ್ಟು ನಳಿಗೆಯೊಳಗೆ ಹೊಯ್ಯುತ್ತಿದ್ದರು. ಆಮೇಲೆ ಬಟ್ಟೆ, ಆಮೇಲೆ ಎಣ್ಣೆ. ಜೂನಿನಿಂದ ಸೆಪ್ಟೆಂಬರ್ ತನಕ ವಾರಕ್ಕೊಮ್ಮೆ ಈ ಕೆಲಸ ತಪ್ಪುತ್ತಿರಲಿಲ್ಲ.

ಹೊಸ ಮಾರ್ಲಿನ್ನಿನಲ್ಲಿ ಈಡು ಹಾರದಂತೆ ತಡೆಯುವ ಅಡ್ಡ ಗುಂಡಿಯ ಬೀಗ ಇದೆ. ಹಳಬರಿಗೆ ಅದು ಇಷ್ಟವಿಲ್ಲ. ಹಳೆಯ ಕೋವಿಗೆ ಅರ್ಧ ಏರಿಸಿದ ಕುದುರೆಯೇ ಸಾಕಾಗಿತ್ತು, ಇದರಿಂದ ಅಂದ ಕೆಟ್ಟಿತು ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಬೆರಳು ಒದ್ದೆ ಇದ್ದಾಗ ಏರಿಸಿದ ಕುದುರೆಯನ್ನು ಮೆಲ್ಲಗೆ ಇಳಿಸುವುದು ಎಷ್ಟು ಭಯದ ಕೆಲಸ ಎಂದು ನನಗೆ ಗೊತ್ತು. ಬೀಗ ಇರಲಿ.

ಈಗ ತೋಟಾದ ಮಾತು. ನಾನು ನಿಜವಾಗಿ ಬರೆಯಬೇಕೆಂದಿದ್ದದ್ದು ಇದನ್ನೇ.

ಇಂಥ ಬಳೆಯ ರೈಫಲ್, ಅಂದರೆ ಲಿವರ್ ರೈಫಲ್ ಕೊಳ್ಳುವವರು ಮೊದಲು ರೈಫಲ್ ಆರಿಸುತ್ತಾರೆ, ಆಮೇಲೆ ತೋಟಾ. ಇದು ತಿರುಗಾಮುರುಗಾ. ಮೊದಲು ತೋಟಾ ಆರಿಸಬೇಕು. ನಮ್ಮ ಮನೆಯಲ್ಲಿ ಕಲಿತ ಪಾಠ ಇದು. 1980ರ ದಶಕದಿಂದ ನಮ್ಮ ದೇಶದಲ್ಲಿ ಸಾಮಾನ್ಯರಿಗೆ ಹೊರದೇಶದ ಬಂದೂಕು ತರಿಸಲು ಅವಕಾಶವಿಲ್ಲ. 30-30 ತೋಟಾವನ್ನು ಇಲ್ಲಿನ ಕಾರ್ಖಾನೆಗಳು ಮಾಡಲಿಲ್ಲ. ಅಂಗಡಿಗಳಲ್ಲಿ ಇದ್ದ ಹಳೆಯ ದಾಸ್ತಾನು ಒಂದೊಂದೇ ಮುಗಿಯಿತು. ಅಪ್ಪಯ್ಯ ಹುಬ್ಬಳ್ಳಿ, ಬೆಳಗಾವಿ, ಪುಣೆ ಎಲ್ಲ ಕಡೆ ಕೇಳಿದರು. ಕೊನೆಗೆ ನಮ್ಮಲ್ಲಿ ಏಳು ತೋಟಾ ಉಳಿದವು. ಒಂದು ರಾತ್ರಿ ಹಂದಿ ಹಿಂಡು ಬಂದಾಗ ಶಬ್ದ ಮಾಡಲೆಂದು ಅಪ್ಪಯ್ಯ ಹಳ್ಳದ ಧರೆಗೆ ಗುರಿಯಿಟ್ಟು ಎಳೆದರು. ‘ಟಕ್’ ಎಂದಿತು, ಈಡು ಹಾರಲಿಲ್ಲ. ಅವರು ನಳಿಗೆಯನ್ನು ಧರೆಯ ಕಡೆಗೇ ಹಿಡಿದು ಒಂದು ನಿಮಿಷ ಅಲುಗಾಡದೆ ನಿಂತರು. ಹಳೆಯ ತೋಟಾ ತಡವಾಗಿ ಹೊತ್ತಿಕೊಳ್ಳಬಹುದು ಅಲ್ವಾ. ಆಮೇಲೆ ತೆಗೆದು ನೋಡಿದರೆ ಕೇಪಿನ ಮೇಲೆ ಏಟು ಸರಿಯಾಗಿಯೇ ಬಿದ್ದಿತ್ತು. ಮದ್ದು ಸತ್ತಿತ್ತು. “ತೋಟಾ ಇಲ್ದಿದ್ದ ಕೋವಿ ಒನಕೆಗೆ ಸಮ” ಎಂದರು. ಆ ಮೇಲೆ ಅದು ಕಬ್ಬಿಣದ ಕಪಾಟಿಗೆ ಹೋಯಿತು.

ಈ ಹಿನ್ನೆಲೆಯಿಂದ ನೋಡಿದರೆ ಅಮೆರಿಕದ ಅಂಗಡಿಯ ಗೂಡು ನನಗೆ ಒಂದು ದೊಡ್ಡ ನೋಟ. ಗೋಡೆ ತುಂಬ 30-30. 150 ಗ್ರೇನ್, 170 ಗ್ರೇನ್. ಗುಂಡಿನ ತೂಕ ಅದು. ಸುಮಾರು 15 ಗ್ರೇನ್ ಅಂದರೆ ಒಂದು ಗ್ರಾಂ. 1895ರಲ್ಲಿ ಹುಟ್ಟಿದ ತೋಟಾ. ಅಮೆರಿಕದಲ್ಲಿ ಹೊಗೆಯಿಲ್ಲದ ಮದ್ದಿಗೆಂದೇ ಮಾಡಿದ ಮೊದಲ ಬೇಟೆ ತೋಟಾಗಳಲ್ಲಿ ಇದೂ ಒಂದು. ಮೊದಲ 30 ನಳಿಗೆಯ ಅಳತೆ, ಎರಡನೆಯ 30 ಆಗಿನ ಮದ್ದಿನ ತೂಕ. ಅಷ್ಟು ವರ್ಷದಿಂದ ಅದೇ ತೋಟಾ, ಅದೇ ಅಳತೆ. ಅಜ್ಜನ ನಳಿಗೆಗೆ ಈ ಗೂಡಿನ ಯಾವ ಪೆಟ್ಟಿಗೆಯಾದರೂ ಆಗುತ್ತಿತ್ತು.

150 ಗ್ರೇನಿನ ಗುಂಡು ಸೆಕೆಂಡಿಗೆ ಸುಮಾರು 2,390 ಅಡಿ ವೇಗದಲ್ಲಿ ಹೊರಡುತ್ತದೆ. ಈಗಿನ ಲೆಕ್ಕದಲ್ಲಿ ಇದು ಜಾಸ್ತಿ ಅಲ್ಲ. 100 ಗಜಕ್ಕೆ ಗುರಿ ಕೂಡಿಸಿದರೆ 200 ಗಜದಲ್ಲಿ ಏಳೆಂಟು ಇಂಚು ಕೆಳಗೆ ಬೀಳುತ್ತದೆ. ಇದನ್ನೇ ದೋಷ ಎಂದು ಹೇಳುವವರಿದ್ದಾರೆ. ಅವರು ಬಯಲಿನಲ್ಲಿ ನಿಂತು ಮಾತಾಡುತ್ತಾರೆ. ನಮ್ಮ ಬೆಟ್ಟದಂಥ ಕಾಡಿನಲ್ಲಿ ಎಪ್ಪತ್ತು ಗಜದಾಚೆ ಏನೂ ಕಾಣುವುದೇ ಇಲ್ಲ. ಅಲ್ಲಿನ ಕಾಡೂ ಹೆಚ್ಚುಕಡಿಮೆ ಹಾಗೆಯೇ ಇದೆ ಎಂದು ಪಕ್ಕದ ಮನೆಯವರು ಹೇಳಿದರು.

ಕೊಳವೆ ಮ್ಯಾಗಜಿನ್ನಿಗೆ ಒಂದು ಕಟ್ಟು ಇದೆ. ಒಳಗೆ ತೋಟಾಗಳು ಒಂದರ ಹಿಂದೆ ಒಂದು ಮಲಗಿರುತ್ತವೆ. ಹಿಂದಿನದರ ಮೂತಿ ಮುಂದಿನದರ ಕೇಪಿಗೆ ತಾಗಿರುತ್ತದೆ. ಮೂತಿ ಚೂಪಾಗಿದ್ದರೆ ಒದೆತಕ್ಕೆ ಕೇಪು ಸಿಡಿಯಬಹುದು. ಅದಕ್ಕೇ ಲಿವರ್ ತೋಟಾದ ಮೂತಿ ಮೊಂಡು. ಮೊಂಡು ಮೂತಿಗೆ ಗಾಳಿ ಜಾಸ್ತಿ ತಡೆಯುತ್ತದೆ. ಹಾರ್ನಡಿ ಕಂಪನಿ ಮೆತ್ತಗಿನ ರಬ್ಬರಿನಂಥ ತುದಿಯ ಗುಂಡು ಮಾಡಿ ಇದನ್ನು ಬಿಡಿಸಿತು. ತುದಿ ಚೂಪು, ಆದರೆ ಕೇಪಿಗೆ ತಾಗಿದರೆ ಒಳಗೆ ಒತ್ತಿಕೊಳ್ಳುತ್ತದೆ. ಒಳ್ಳೆಯ ಬುದ್ಧಿ ಅದು. ನಾನು ಅದನ್ನೂ ಐದು ಹೊಡೆದೆ. 100 ಗಜದಲ್ಲಿ ಬರೀ ಕಣ್ಣಿನ ನೋಟಕ್ಕೆ ನನಗೆ ವ್ಯತ್ಯಾಸ ಕಾಣಲಿಲ್ಲ. ದೂರಕ್ಕೆ ಹೊಡೆಯುವವರಿಗೆ ಕಂಡೀತು.

ಪಕ್ಕದ ಮನೆಯವರ ಹತ್ತಿರ ರುಗರ್ ಮಾಡಿದ 1895 ಕೂಡ ಇತ್ತು. 45-70. ಇದು ಇನ್ನೂ ಹಳೆಯ ತೋಟಾ, 1873ರಲ್ಲಿ ಅಮೆರಿಕದ ಸೈನ್ಯ ತೆಗೆದುಕೊಂಡದ್ದು. 70 ಗ್ರೇನ್ ಕಪ್ಪು ಮದ್ದು. ಗುಂಡು ನೋಡಿದರೆ ಕಿರುಬೆರಳಿನ ಗಾತ್ರ. 405 ಗ್ರೇನಿನ ಮೆತ್ತಗಿನ ತೋಟಾ ಹೊಡೆದಾಗ ಭುಜವನ್ನು ಯಾರೋ ನೂಕಿದ ಹಾಗಾಯಿತು, ಸಹಿಸಬಹುದು. ಆಮೇಲೆ ಈಗಿನ ಜಾಸ್ತಿ ಒತ್ತಡದ ಗಟ್ಟಿ ತೋಟಾ ಎರಡು ಹೊಡೆದೆ. ಮೂರನೆಯದು ಬೇಡ ಎಂದೆ. ಮೂರು ದಿನ ಭುಜ ನೋವಿತ್ತು. ದೊಡ್ಡ ಕರಡಿ ಇರುವ ಅಲಾಸ್ಕಾದಲ್ಲಿ ಇರುವವರಿಗೆ ಅದು ಬೇಕು, ನಾನು ಇಲ್ಲ ಅನ್ನುವುದಿಲ್ಲ. ಉಳಿದವರು ಅದನ್ನು ಕೊಳ್ಳುವುದು ದೊಡ್ಡದು ಎಂಬ ಆಸೆಗೆ. ಹೊಡೆಯಲು ಹೆದರಿಕೆಯಾಗುವ ತೋಟಾದಿಂದ ಯಾರೂ ಅಭ್ಯಾಸ ಮಾಡುವುದಿಲ್ಲ. ಅಭ್ಯಾಸ ಇಲ್ಲದವನ ಕೈಯಲ್ಲಿ ರೈಫಲ್ ಇರಬಾರದು. ಇನ್ನೊಂದು ಎಚ್ಚರವೂ ಇದೆ. ಗಟ್ಟಿ ತೋಟಾ ಹೊಸ ಮಾರ್ಲಿನ್ನಿಗೆ ಸರಿ. ಸೈನ್ಯದ ಹಳೆಯ ಸ್ಪ್ರಿಂಗ್‌ಫೀಲ್ಡ್ ಕೋವಿಗಳಿಗೆ ಅದನ್ನು ಹಾಕಿದರೆ ಒಡೆದುಹೋಗಬಹುದು. ಅಳತೆ ಒಂದೇ, ಒತ್ತಡ ಬೇರೆ.

35 ರೆಮಿಂಗ್ಟನ್ ಬಗ್ಗೆ ಅಲ್ಲಿನ ಹಿರಿಯರಿಗೆ ಬಹಳ ಪ್ರೀತಿ. 1906ರ ತೋಟಾ, 200 ಗ್ರೇನ್. ಹಳೆಯ 336ಗಳಲ್ಲಿ ಇತ್ತು. ಕಾಡಿಗೆ 30-30ಗಿಂತ ಸ್ವಲ್ಪ ಮೇಲು ಎಂದು ಕೇಳಿದೆ, ಇರಬಹುದು. ಆದರೆ ಆ ಅಂಗಡಿಯಲ್ಲಿ ಒಂದೇ ಪೆಟ್ಟಿಗೆ ಇತ್ತು, ಧೂಳು ಹಿಡಿದದ್ದು. ನನಗೆ ಅಪ್ಪಯ್ಯನ ಏಳು ತೋಟಾ ಕಣ್ಣಮುಂದೆ ಬಂತು. ಒಂದೇ ಪೆಟ್ಟಿಗೆ ಇರುವ ತೋಟಾವನ್ನು ನಾನು ಯಾರಿಗೂ ಹೇಳಲಾರೆ.

ಮಾರ್ಲಿನ್ನಿನದೇ ಸಣ್ಣ 1894 ಮಾದರಿಯಲ್ಲಿ ಪಿಸ್ತೂಲಿನ ತೋಟಾಗಳು, 44 ಮ್ಯಾಗ್ನಮ್, 357 ಮ್ಯಾಗ್ನಮ್. 357ರಲ್ಲಿ ಕಡಿಮೆ ಒದೆತದ 38 ಸ್ಪೆಷಲ್ ಕೂಡ ಹಾಕಬಹುದು. ಕಲಿಯುವವರಿಗೆ ಅದು ಒಳ್ಳೆಯದು. ನನ್ನ ಮಗಳು ಮೊದಲ ಸಲ ಹೊಡೆದದ್ದು ಅದರಲ್ಲೇ. ಅವಳ ಅಜ್ಜನ ಹಾಗೆ ಎಡಗಣ್ಣು ಪೂರ್ತಿ ಮುಚ್ಚದೆ ಗುರಿ ಹಿಡಿಯುತ್ತಾಳೆ.

ನಮ್ಮ ಮಾತಿಗೆ ಬರುತ್ತೇನೆ. ಬೇಟೆ 1972ರ ವನ್ಯಜೀವಿ ಕಾಯಿದೆಯಿಂದ ನಿಂತಿತು. ನಿಲ್ಲಬೇಕಾದದ್ದೇ. ನಮಗೆ ಬೇಕಾದದ್ದು ತೋಟ ಕಾಯಲು ಒಂದು ಗಟ್ಟಿ, ಸರಳ ಕೋವಿ. ರೈಫಲ್ ಎಂದರೆ ನಮ್ಮಲ್ಲಿ ಹೆಚ್ಚಾಗಿ ಸಿಗುವುದು ಇಶಾಪುರದ ಸರ್ಕಾರಿ ಕಾರ್ಖಾನೆಯ 315 ಬೋರು. ಹಳೆಯ ಲೀ-ಎನ್‌ಫೀಲ್ಡ್ ತರಹದ ಬೋಲ್ಟ್. ತೋಟಾವೂ ಇಲ್ಲಿಯೇ ಆಗುತ್ತದೆ, ಅದೇ ಅದರ ದೊಡ್ಡ ಗುಣ. ಸೈನ್ಯದ 303 ತೋಟಾ ಜನರ ಕೈಗೆ ಹೋಗಬಾರದು ಎಂಬ ಬ್ರಿಟಿಷರ ಕಾಲದ ನಿಯಮದಿಂದ ಈ 315 ನಮ್ಮಲ್ಲಿ ಬೇರು ಬಿಟ್ಟಿತು.

ಈ 315 ತೋಟಾದ ಬುಡಕ್ಕೆ ಅಂಚು ಇದೆ. ಲಿವರ್ ರೈಫಲಿಗೆ ಅಂಚಿನ ತೋಟಾ ಚೆನ್ನಾಗಿ ಒಗ್ಗುತ್ತದೆ. ಉದ್ದ ಜಾಸ್ತಿಯಾಯಿತು ಅನ್ನಬಹುದು. ಆದರೆ ಜಾನ್ ಬ್ರೌನಿಂಗ್ ಮಾಡಿದ ವಿಂಚೆಸ್ಟರ್ 1895 ಮಾದರಿಯಲ್ಲಿ ಕೊಳವೆ ಇರಲಿಲ್ಲ, ಪೆಟ್ಟಿಗೆ ಮ್ಯಾಗಜಿನ್ ಇತ್ತು. ಮೊದಲ ಮಹಾಯುದ್ಧದಲ್ಲಿ ರಷ್ಯಾ ಸುಮಾರು 3 ಲಕ್ಷ ತರಿಸಿಕೊಂಡಿತು. ತಮ್ಮದೇ 7.62ರ ಉದ್ದನೆಯ, ಅಂಚಿನ ತೋಟಾಕ್ಕೆ ಹೊಂದಿಸಿಕೊಂಡು. ಅಂದಮೇಲೆ 315ಕ್ಕೆ ಒಂದು ಲಿವರ್ ರೈಫಲ್ ಆಗದ ಮಾತಲ್ಲ. ಮಳೆ ನಿಲ್ಲುವ ಹಾಗೆ ಮೇಲ್ಭಾಗ ಮುಚ್ಚಿ, ಹಿಂದಿನಿಂದ ಒರೆಸುವ ಹಾಗೆ ಮಾಡಿ, ನಮ್ಮದೇ ಮರದ ಹಿಡಿ ಹಾಕಿ ಯಾರಾದರೂ ಇಲ್ಲಿ ಮಾಡಬೇಕು. ತುಂಬ ದಿನದಿಂದ ನನ್ನ ಮನಸ್ಸಿನಲ್ಲಿರುವ ಆಸೆ ಇದು.

ಅಜ್ಜನ ವಿಂಚೆಸ್ಟರಿನ ಕೊನೆ ಹೇಳಿಲ್ಲ. ಅಪ್ಪಯ್ಯ ಹೋದ ಮೇಲೆ ಮೂರು ಬಂದೂಕು ನನ್ನ ಹೆಸರಿಗೆ ಬಂದವು. ಜೋಡು ನಳಿಗೆ, ಒಂದು 22 ರೈಫಲ್, ವಿಂಚೆಸ್ಟರ್. ಪ್ರತಿ ಚುನಾವಣೆಗೂ ಮೂರನ್ನೂ ಠಾಣೆಗೆ ಒಪ್ಪಿಸಿ ಬರುತ್ತಿದ್ದೆ. ಒಂದು ಸಲ ವಾಪಸು ಕೊಡುವಾಗ ಮಳೆಗಾಲ ಶುರುವಾಗಿತ್ತು. ಕೋಣೆಯ ತೇವಕ್ಕೆ ವಿಂಚೆಸ್ಟರಿನ ಬಳೆ ಕೆಂಪಗಾಗಿತ್ತು. ಮನೆಗೆ ತಂದು ಎರಡು ದಿನ ಉಜ್ಜಿದೆ. 2019ರ ಡಿಸೆಂಬರಿನಲ್ಲಿ ಶಸ್ತ್ರಾಸ್ತ್ರ ಕಾಯಿದೆ ತಿದ್ದುಪಡಿಯಾಯಿತು. ಒಬ್ಬರಿಗೆ ಎರಡೇ ಬಂದೂಕು, ಮೂರನೆಯದನ್ನು ಒಂದು ವರ್ಷದೊಳಗೆ ಕೊಡಬೇಕು. ತೋಟಾ ಇರುವ ಎರಡನ್ನು ಇಟ್ಟುಕೊಂಡೆ. ತೋಟಾ ಇಲ್ಲದ್ದನ್ನು ಕೊಟ್ಟೆ. ಕೊಡುವ ಹಿಂದಿನ ರಾತ್ರಿ ಆಯಿ ಹಂಡೆಗೆ ಬೆಂಕಿ ಹಾಕಿದರು. ಯಾಕೆ ಎಂದು ನಾನು ಕೇಳಲಿಲ್ಲ. ನೀರು ಕುದಿದ ಮೇಲೆ ನಳಿಗೆಗೆ ಹೊಯ್ದು, ಒರೆಸಿ, ಎಣ್ಣೆ ಹಚ್ಚಿದೆ.

ಅಮೆರಿಕದ ರೇಂಜಿನಲ್ಲಿ ಹೊಡೆದ 30-30ರ ಖಾಲಿ ಹಿತ್ತಾಳೆ ಒಂದನ್ನು ಕಿಸೆಯಲ್ಲಿ ಹಾಕಿಕೊಂಡಿದ್ದೆ. ಮನೆಗೆ ಬಂದ ಮೇಲೆ ಅಳಿಯ ನೋಡಿದ. “ಮಾವ, ಖಾಲಿಯಾದ್ರೂ ವಿಮಾನದಲ್ಲಿ ಬೇಡ. ತೊಂದರೆ ಆಗ್ತದೆ.” ಹೌದು, ಸರಿ. ಅದರ ಬುಡದ ಬರಹವನ್ನು ಮತ್ತೊಮ್ಮೆ ಓದಿ ಅವನ ಕೈಗೆ ಕೊಟ್ಟೆ. ಅವರ ಮನೆಯ ಅಡುಗೆಮನೆ ಕಿಟಕಿಯಲ್ಲಿ ಅದು ಈಗಲೂ ಇದೆಯಂತೆ. ಮಗಳು ಅದರೊಳಗೆ ಊದುಬತ್ತಿ ನಿಲ್ಲಿಸುತ್ತಾಳೆ.